ತೋಟಾ ತುಂಬುವ ಮೇಜು: ಚೇಕಾಡಿ ಮತ್ತು ವಯನಾಡು–ಕೊಡಗು ಗಡಿಯ ಕೋವಿಮನೆಗಳು

ಹಾರಿಸಿ ಖಾಲಿಯಾದ ತೋಟಾದ ಕೇಸನ್ನು ಎಸೆಯದೆ, ಅದಕ್ಕೆ ಹೊಸ ಕೇಪು (ಪೆಟ್ಟು ಬಿದ್ದರೆ ಸಿಡಿಯುವ ಪುಟ್ಟ ಟೋಪಿ) ಕೂರಿಸಿ, ಅಳೆದ ಮದ್ದು ಸುರಿದು, ಚರೆಯನ್ನೋ ಗುಂಡನ್ನೋ ಇಟ್ಟು ಬಾಯಿ ಮುಚ್ಚಿ ಮತ್ತೆ ಬಳಕೆಗೆ ತರುವ ಕೆಲಸ ತೋಟಾ ಮರುತುಂಬುವಿಕೆ. ಅದಕ್ಕೆಂದೇ ಅಣಿಗೊಳಿಸಿದ ಮನೆಯ ಮೂಲೆಯೇ ತೋಟಾ ತುಂಬುವ ಮೇಜು. ಅಮೆರಿಕದಲ್ಲಿ ಇದು ಗುರಿಕಾರರ ಹಳೆಯ ಹವ್ಯಾಸ. ಪ್ರೆಸ್, ಡೈ, ತಕ್ಕಡಿ ಮಾರುವ ಕಂಪನಿಗಳು ಅಲ್ಲಿ ತಲೆಮಾರುಗಳಿಂದ ಬದುಕಿವೆ. ಭಾರತದಲ್ಲಿ ತೋಟಾ ತಯಾರಿಕೆಗೆ 1959ರ ಆಯುಧ ಕಾಯ್ದೆಯ 5ನೇ ಕಲಮಿನಂತೆ ಪ್ರತ್ಯೇಕ ಪರವಾನಗಿ ಬೇಕು. ಕೋವಿ ಇಟ್ಟುಕೊಳ್ಳುವ ಪರವಾನಗಿಯೊಂದೇ ಅದಕ್ಕೆ ಸಾಲದು. ಹಾಗಾಗಿ ನಮ್ಮ ಕಡೆ ಇಂಥ ಮೇಜು ಮನೆಯ ಸಾಮಾನಾಗಿ ಬೆಳೆಯಲಿಲ್ಲ. ಅದಕ್ಕಿಂತ ಹಳೆಯದಾದ ಇನ್ನೊಂದು ಕೆಲಸ ಮಾತ್ರ ವಯನಾಡು, ಕೊಡಗು, ಮಲೆನಾಡುಗಳ ಬೆಳೆ ಕಾಯುವ ಮನೆಗಳಲ್ಲಿ ಉಳಿದು ಬಂತು: ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಗೆ ಈಡು ಮಾಡುವುದು. ಮದ್ದು, ಕೇಪು, ಚರೆಗಳನ್ನು ಬೇರೆಬೇರೆಯಾಗಿ ತಂದು ಮನೆಯಲ್ಲೇ ಅಳೆದು ಸೇರಿಸುವುದು ಎರಡರಲ್ಲೂ ಒಂದೇ. ಅಪಾಯಗಳೂ ಒಂದೇ ಬಗೆಯವು.

ಊರು

ಚೇಕಾಡಿ ಕೇರಳದ ವಯನಾಡು ಜಿಲ್ಲೆಯಲ್ಲಿ ಪುಲ್ಪಳ್ಳಿಗೆ ಹತ್ತಿರದ ಕೃಷಿಯ ಊರು. ಸುತ್ತ ಕಾಡು, ಒಂದು ಅಂಚಿಗೆ ಕಬಿನಿ, ನಡುವೆ ಗದ್ದೆಬಯಲು. ಗಂಧಕಶಾಲ ಎಂಬ ಸುವಾಸನೆಯ ಭತ್ತಕ್ಕೆ ಈ ಬಯಲು ಹೆಸರಾಗಿದೆ. ವಯನಾಡನ್ ಚೆಟ್ಟಿಗಳು, ಅಡಿಯರು, ಕಾಟುನಾಯಕರು ಇಲ್ಲಿನ ಹಳೆಯ ನಿವಾಸಿಗಳು. ಅಡಿಯರೂ ಕೊಡಗಿನ ಯರವರೂ ತಮ್ಮನ್ನು ರಾವುಳರೆಂದೇ ಕರೆದುಕೊಳ್ಳುತ್ತಾರೆ. ಕಾಟುನಾಯಕರ ಮಾತು ಕನ್ನಡಕ್ಕೆ ಬಹಳ ಸಮೀಪ. ಹೊಳೆಯ ಕೆಳಹರಿವಿನಲ್ಲಿ ಪೆರಿಕ್ಕಲ್ಲೂರಿನ ಎದುರು ದಡವೇ ಹೆಗ್ಗಡದೇವನಕೋಟೆ ತಾಲ್ಲೂಕಿನ ಬೈರಕುಪ್ಪೆ. ವಾಯುವ್ಯಕ್ಕೆ ತೋಲ್ಪೆಟ್ಟಿಯ ಕಾಡು ದಾಟಿದರೆ ಕೊಡಗಿನ ಕುಟ್ಟ.

ಭತ್ತ ಹಾಲುಗಟ್ಟುವ ಹೊತ್ತಿಗೆ ಆನೆ, ಹಂದಿ, ಜಿಂಕೆ ಗದ್ದೆಗೆ ಇಳಿಯುತ್ತವೆ. ರಾತ್ರಿಯೆಲ್ಲ ಅಟ್ಟಣೆಯಲ್ಲಿ ಕೂತು, ಬೆಂಕಿ ಹಾಕಿ, ಕೂಗಿ, ಪಟಾಕಿ ಹೊಡೆದು ಬೆಳೆ ಕಾಯುವುದು ಇಲ್ಲಿ ಬೇಸಾಯದ ಒಂದು ಭಾಗ. ಕಾಡಂಚಿನ ಮನೆಗೆ ಕೋವಿ ಬಂದದ್ದು ಈ ಕಾವಲಿನ ದಾರಿಯಿಂದ. ಬೇಟೆಯ ಶೋಕಿಯಿಂದ ಬಂದ ಕೋವಿಗೂ ಇದಕ್ಕೂ ಇರುವ ಅಂತರವನ್ನು ಕಾನೂನು ಕೂಡ ಗುರುತಿಸುತ್ತದೆ.

ಗಡಿಯ ಎರಡು ಬದಿ

ಒಂದೇ ಕಾಡಿನ ಎರಡು ಬದಿಯಲ್ಲಿ ಕೋವಿಯ ಚರಿತ್ರೆ ಎರಡು ಬಗೆಯಾಗಿ ನಡೆಯಿತು. ಇಂದು ಯಾವ ಮನೆಯಲ್ಲಿ ಏನನ್ನು ಇಟ್ಟುಕೊಳ್ಳಬಹುದು ಎಂಬುದಕ್ಕೂ ಆ ಚರಿತ್ರೆಯೇ ಮೂಲ.

ವಯನಾಡು ಬಿಲ್ಲಿನ ನಾಡು. ಕುರಿಚ್ಯರು, ಮುಳ್ಳುಕುರುಮರು ಬಿಲ್ಲುಗಾರಿಕೆಗೆ ಹೆಸರಾದವರು. ಮಲಬಾರಿನ ಅರಸ ಪಳಶ್ಶಿರಾಜ ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ನಡೆಸಿದ ಯುದ್ಧದಲ್ಲಿ ಈ ಬಿಲ್ಲುಗಾರರೇ ಬೆನ್ನೆಲುಬು. 1802ರ ಅಕ್ಟೋಬರಿನಲ್ಲಿ ಅವನ ದಂಡನಾಯಕರಾದ ಎಡಚ್ಚೇನ ಕುಂಕನ್ ಮತ್ತು ತಲಕ್ಕಲ್ ಚಂದು ಪನಮರಂ ಠಾಣ್ಯದ ಮೇಲೆ ಬಿದ್ದು ಅಲ್ಲಿನ ಪಡೆಯನ್ನು ಅಳಿಸಿಹಾಕಿದರು. ಆಗ ಅವರ ಕೈಸೇರಿದ್ದು 112 ಬಂದೂಕು, ಆರು ಪೆಟ್ಟಿಗೆ ಮದ್ದುಗುಂಡು ಎಂದು ವಿಲಿಯಂ ಲೋಗನ್ ತಮ್ಮ ಮಲಬಾರ್ ಕೈಪಿಡಿಯಲ್ಲಿ ದಾಖಲಿಸಿದ್ದಾರೆ. ಬಂದೂಕಿನ ಲೆಕ್ಕದ ಜೊತೆ ಮದ್ದಿನ ಪೆಟ್ಟಿಗೆಯನ್ನೂ ಎಣಿಸಿಟ್ಟದ್ದರಲ್ಲಿ ಅರ್ಥವಿದೆ. ಪೆಟ್ಟಿಗೆ ಮುಗಿದ ಮೇಲೆ ಆ 112 ಬಂದೂಕುಗಳೂ ಬರಿಯ ಕಬ್ಬಿಣ. ಬಾಣವಾದರೆ ಕಾಡಿನಲ್ಲೇ ಆಗುತ್ತದೆ. 1805ರ ನವೆಂಬರ್ 30ರಂದು ಪುಲ್ಪಳ್ಳಿಯ ಬಳಿ ಮಾವಿಲಾಂತೋಡಿನಲ್ಲಿ ಪಳಶ್ಶಿರಾಜ ಮಡಿದ. 1812ರಲ್ಲಿ ಕುರಿಚ್ಯರೂ ಕುರುಮರೂ ಮತ್ತೆ ದಂಗೆಯೆದ್ದಾಗ ಅವರ ಆಯುಧ ಮುಖ್ಯವಾಗಿ ಬಿಲ್ಲುಬಾಣವೇ. ಮಲಬಾರಿನ ಜನರ ಕೈಯಲ್ಲಿ ಆಯುಧ ಇರಬಾರದೆಂಬುದು ಕಂಪನಿಯ ಗಟ್ಟಿ ನಿಲುವಾಯಿತು. 1854ರಲ್ಲಿ ಮಲಬಾರಿಗೆಂದೇ ಯುದ್ಧದ ಕತ್ತಿಗಳನ್ನು ನಿಷೇಧಿಸುವ ಕಾಯ್ದೆ ಬಂತು.

ಕೊಡಗಿನಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. 1857ರ ಬಳಿಕ ದೇಶದ ತುಂಬ ಆಯುಧ ಕಸಿಯುವ ಕಾನೂನು ಬಂದಾಗ, 1861ರಲ್ಲಿ ಮೈಸೂರು ಮತ್ತು ಕೊಡಗಿನ ಕಮಿಷನರ್ ಮಾರ್ಕ್ ಕಬ್ಬನ್ ಕೊಡಗಿನವರನ್ನು ಅದರಿಂದ ಹೊರಗಿಟ್ಟ. ಆ ವಿನಾಯಿತಿ ಬೇರೆಬೇರೆ ಕಾಯ್ದೆಗಳ ಕೆಳಗೆ ಮುಂದುವರಿದು, 1959ರ ಕಾಯ್ದೆಯ 41ನೇ ಕಲಮಿನಡಿ ಇಂದಿಗೂ ಉಳಿದಿದೆ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಅದು ಅನ್ವಯಿಸುತ್ತದೆ. ಜನ ಅದನ್ನು ಜಮ್ಮಾ ಕೋವಿ ಹಕ್ಕು ಎನ್ನುತ್ತಾರೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು.

ಈ ವಿನಾಯಿತಿಯ ಒಂದು ಷರತ್ತು ಪ್ರಸ್ತುತ ವಿಷಯಕ್ಕೆ ನೇರವಾಗಿ ತಾಗುತ್ತದೆ. ಕೊಡಗಿನಿಂದ ಹೊರಗೆ ಹೋಗುವಾಗ ಒಬ್ಬರು ಒಯ್ಯಬಹುದಾದದ್ದು ಒಂದು ರೈಫಲ್ ಮತ್ತು ಅದರ 100 ಗುಂಡು, ಜೊತೆಗೆ ಒಂದು ನುಣುಪು ನಳಿಗೆಯ ಕೋವಿ ಮತ್ತು ಅದರ 500 ತೋಟಾ ಅಥವಾ ಅಷ್ಟಕ್ಕೆ ಸಮನಾದ ಸೀಸದ ಚರೆ ಮತ್ತು ಮದ್ದು. ತೋಟಾ ಕಾರ್ಖಾನೆಯಿಂದ ಬರುವ ಸಿದ್ಧವಸ್ತುವಾಗಿದ್ದ ಕಾಲದಲ್ಲೂ, ಮನೆಯಲ್ಲಿ ಬಿಡಿಯಾಗಿ ಇಟ್ಟುಕೊಂಡು ತುಂಬುವ ಸಾಮಗ್ರಿಯನ್ನು ಕಾನೂನು ಲೆಕ್ಕಕ್ಕೆ ತೆಗೆದುಕೊಂಡಿತ್ತು ಎಂಬುದಕ್ಕೆ ಈ ಸಾಲು ಸಾಕ್ಷಿ. ಈ ವಿನಾಯಿತಿ ಇಟ್ಟುಕೊಳ್ಳುವುದಕ್ಕೆ ಮತ್ತು ಒಯ್ಯುವುದಕ್ಕೆ ಸಂಬಂಧಿಸಿದ್ದು. ತೋಟಾ ತಯಾರಿಸಿ ಮಾರುವ ಅನುಮತಿಯೆಂದು ಅದನ್ನು ಓದಬಾರದು.

ಕೊಡವ ಮನೆಯಲ್ಲಿ ಕೋವಿಯ ಜಾಗ ಸಂಸ್ಕಾರದ ಒಳಗಿದೆ. ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಒಂದರ ಹಿಂದೊಂದು ಎರಡು. ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ತೊಳೆದು ಪೂಜೆಯ ಕೋಣೆಯಾದ ಕನ್ನಿಕೋಂಬರೆಯಲ್ಲಿ ಇಟ್ಟು, ಕೋವಿಯ ನಳಿಗೆಗೆ ತೋಕ್‌ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಬಳಿಕ ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆ. ವರ್ಷಕ್ಕೊಮ್ಮೆಯಾದರೂ ಪ್ರತಿಯೊಂದು ಕೋವಿ ಪೆಟ್ಟಿಗೆಯಿಂದ ಹೊರಬಂದು, ಎಣ್ಣೆ ಕಂಡು, ಹಿರಿಯರ ಕಣ್ಣೆದುರು ಪರೀಕ್ಷೆಗೆ ಒಳಗಾಗುವ ಈ ಕಟ್ಟುಪಾಡು ಸುರಕ್ಷತೆಯ ದೃಷ್ಟಿಯಿಂದಲೂ ಬೆಲೆಬಾಳುವಂಥದ್ದು. ಮೂಲೆಯಲ್ಲಿ ಮರೆತುಹೋದ ಕೋವಿಯೇ ಹೆಚ್ಚು ಅಪಾಯಕಾರಿ.

ಈಡು ಮಾಡುವುದು

ಕೇಪಿನ ಕೋವಿಗೆ ತೋಟಾ ಇಲ್ಲ. ನಳಿಗೆಯ ಬಾಯಿಂದ ಮೊದಲು ಅಳತೆಯ ಕರಿಮದ್ದು, ಅದರ ಮೇಲೆ ತೆಂಗಿನ ನಾರಿನ ಅಥವಾ ಬಟ್ಟೆಯ ಉಂಡೆ, ಆಮೇಲೆ ಚರೆ ಇಲ್ಲವೆ ಗುಂಡು, ಅದು ಉರುಳಿ ಬರದಂತೆ ಮತ್ತೆ ನಾರು. ಪ್ರತಿ ಹಂತದಲ್ಲೂ ಗಜದಿಂದ, ಎಂದರೆ ನಳಿಗೆಯೊಳಗೆ ಇಳಿಸುವ ಕೋಲಿನಿಂದ, ಒತ್ತುವುದು. ಎಲ್ಲ ಮುಗಿದ ಮೇಲೆ, ಕೋವಿಯ ಬಾಯಿ ಆಕಾಶಕ್ಕಿದ್ದಾಗ, ಕೊನೆಯದಾಗಿ ಕೇಪು. ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್ ಪೆಟ್ಟು ಬಿದ್ದರೆ ಸಿಡಿಯುವ ಮದ್ದಿಗೆ 1807ರಲ್ಲಿ ಪೇಟೆಂಟ್ ಪಡೆದ. ಆ ತತ್ವವನ್ನು ಪುಟ್ಟ ತಾಮ್ರದ ಟೋಪಿಯೊಳಗೆ ಇಟ್ಟದ್ದೇ ಕೇಪು. ಅದಕ್ಕೂ ಮುಂಚಿನ ಚಕಮಕಿ ಬಂದೂಕುಗಳು, ಪನಮರಂನಲ್ಲಿ ಕೈಬದಲಾಯಿಸಿದಂಥವು, ಮಳೆಯಲ್ಲಿ ಮುಷ್ಕರ ಹೂಡುತ್ತಿದ್ದವು. ವರ್ಷದ ನಾಲ್ಕು ತಿಂಗಳು ನೆನೆಯುವ ನಾಡಿಗೆ ಕೇಪು ತಂದ ಬದಲಾವಣೆ ಸಣ್ಣದಲ್ಲ.

ಈಡು ಮಾಡುವವನಿಗೆ ಮೇಜು ಬೇಕಿಲ್ಲ. ಆದರೆ ಕ್ರಮ ಬೇಕು. ಮದ್ದಿನ ಅಳತೆಗೆ ಒಂದೇ ಪಾತ್ರೆ, ಆ ಕೋವಿಗೆಂದೇ ಗೊತ್ತುಮಾಡಿದ್ದು. ಮದ್ದಿನ ಡಬ್ಬಿಯಿಂದ ನೇರವಾಗಿ ನಳಿಗೆಗೆ ಸುರಿಯುವಂತಿಲ್ಲ. ಹಿಂದಿನ ಈಡಿನ ಕಿಡಿ ಒಳಗೆ ಉಳಿದಿದ್ದರೆ ಹೊತ್ತುವುದು ಕೈಯಲ್ಲಿರುವ ಡಬ್ಬಿ. ಖಾಲಿ ನಳಿಗೆಯಲ್ಲಿ ಗಜ ಎಲ್ಲಿಯವರೆಗೆ ಇಳಿಯುತ್ತದೆ, ಸರಿಯಾದ ಈಡಿದ್ದಾಗ ಎಲ್ಲಿಗೆ ನಿಲ್ಲುತ್ತದೆ ಎಂದು ಗಜದ ಮೇಲೆ ಗುರುತು ಹಾಕಿಕೊಳ್ಳುವುದು ಈ ಕೆಲಸದ ಅತ್ಯಂತ ಸರಳ, ಅತ್ಯಂತ ಉಪಯುಕ್ತ ಉಪಾಯ. ಕೋವಿ ಈಡಾಗಿದೆಯೇ ಇಲ್ಲವೇ ಎಂಬುದನ್ನು ಆ ಗುರುತು ಕತ್ತಲಲ್ಲೂ ಹೇಳುತ್ತದೆ.

ಗುರುತು ನೋಡದವರ ಗತಿ ಏನೆಂಬುದಕ್ಕೆ ದೂರದ ಒಂದು ದಾಖಲೆ ಇದೆ. 1863ರಲ್ಲಿ ಅಮೆರಿಕದ ಗೆಟ್ಟಿಸ್‌ಬರ್ಗ್ ಕದನದ ಬಳಿಕ ರಣಭೂಮಿಯಿಂದ ಆಯ್ದ ಸುಮಾರು 27,500 ಬಂದೂಕುಗಳಲ್ಲಿ ಸುಮಾರು 24,000 ಈಡಾಗಿಯೇ ಬಿದ್ದಿದ್ದವು. ಅವುಗಳಲ್ಲಿ ಅರ್ಧದಷ್ಟರಲ್ಲಿ ಒಂದರ ಮೇಲೊಂದು ಎರಡು ಈಡು, ಸಾವಿರಾರರಲ್ಲಿ ಅದಕ್ಕಿಂತ ಹೆಚ್ಚು. ಗದ್ದಲದಲ್ಲಿ ಹಿಂದಿನ ಈಡು ಹಾರಿತೋ ಇಲ್ಲವೋ ತಿಳಿಯದೆ ಸಿಪಾಯಿಗಳು ಮತ್ತೆ ಮತ್ತೆ ತುಂಬಿದ್ದರು. ಗದ್ದೆಯಂಚಿನ ಅಟ್ಟಣೆಯಲ್ಲಿ, ಆನೆ ಬಂತೆಂಬ ಗಾಬರಿಯಲ್ಲಿ, ಇದೇ ತಪ್ಪು ಆಗುವುದಕ್ಕೆ ಯುದ್ಧವೇನೂ ಬೇಕಿಲ್ಲ.

ಕರಿಮದ್ದು ಉರಿದ ಮೇಲೆ ಬಿಡುವ ಮಸಿ ಗಾಳಿಯ ತೇವ ಎಳೆದು ಕಬ್ಬಿಣವನ್ನು ತಿನ್ನುತ್ತದೆ. ಅದನ್ನು ಎಣ್ಣೆ ತೆಗೆಯಲಾರದು, ನೀರು ತೆಗೆಯುತ್ತದೆ. ಹಾರಿಸಿದ ದಿನವೇ ಬಿಸಿನೀರಿನಿಂದ ನಳಿಗೆ ತೊಳೆದು, ಪೂರ್ತಿ ಒಣಗಿಸಿ, ಬಳಿಕ ಎಣ್ಣೆ ಸವರುವುದು ಎಲ್ಲೆಡೆಯೂ ಸರಿಯಾದ ಕ್ರಮ.

ತೋಟಾ ಬಂದ ಮೇಲೆ

ಮದ್ದು, ಗುಂಡು, ಕೇಪು ಮೂರನ್ನೂ ಒಂದೇ ಕೇಸಿನಲ್ಲಿ ಸೇರಿಸಿ ಹಿಂಬದಿಯಿಂದ ಕೋವಿಗೆ ಹಾಕುವ ತೋಟಾ 19ನೇ ಶತಮಾನದ ನಡುಭಾಗದಲ್ಲಿ ರೂಢಿಗೆ ಬಂತು. 1860ರ ದಶಕದಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಬಾಕ್ಸರ್ ಮತ್ತು ಅಮೆರಿಕದ ಹೈರಂ ಬರ್ಡಾನ್ ರೂಪಿಸಿದ ಎರಡು ಬಗೆಯ ಕೇಪುಗಳು ಇಂದಿಗೂ ಬಳಕೆಯಲ್ಲಿವೆ. ಬಾಕ್ಸರ್ ಬಗೆಯ ಕೇಸಿನ ತಳದಲ್ಲಿ ನಡುವೆ ಒಂದೇ ತೂತು. ಸೂಜಿ ಇಳಿಸಿ ಹಳೆಯ ಕೇಪನ್ನು ಸುಲಭವಾಗಿ ಹೊರದೂಡಬಹುದು. ಬರ್ಡಾನ್ ಬಗೆಯಲ್ಲಿ ತೂತುಗಳು ಬದಿಗೆ ಇರುವುದರಿಂದ ಅದು ಕಷ್ಟ. ಮನೆಯಲ್ಲಿ ಮರುತುಂಬುವವರ ಲೋಕ ಬಾಕ್ಸರ್ ಕೇಪಿನ ಸುತ್ತ ಬೆಳೆದದ್ದಕ್ಕೆ ಇದೇ ಕಾರಣ. ವಿಚಿತ್ರವೆಂದರೆ ಇಂಗ್ಲಿಷನು ಮಾಡಿದ ಕೇಪು ಅಮೆರಿಕದಲ್ಲೂ, ಅಮೆರಿಕದವನದು ಯುರೋಪಿನಲ್ಲೂ ನೆಲೆಯೂರಿದವು.

1884ರಲ್ಲಿ ಫ್ರಾನ್ಸಿನ ಪೋಲ್ ವ್ಯೇ ಹೊಗೆಯಿಲ್ಲದ ಮದ್ದು ಕಂಡುಹಿಡಿದ ಮೇಲೆ ಲೆಕ್ಕಾಚಾರ ಬದಲಾಯಿತು. ಅಷ್ಟೇ ಅಳತೆಯಲ್ಲಿ ಇದರ ಒತ್ತಡ ಕರಿಮದ್ದಿಗಿಂತ ಎಷ್ಟೋ ಹೆಚ್ಚು. ಕರಿಮದ್ದಿಗೆಂದು ಮಾಡಿದ ಅಜ್ಜನ ಕಾಲದ ನಳಿಗೆಗೆ ಹೊಗೆಯಿಲ್ಲದ ಮದ್ದು ತುಂಬಿದರೆ ನಳಿಗೆ ಒಡೆದು ಕೈ, ಕಣ್ಣು ಹೋಗುತ್ತವೆ. ಈಡು ಮಾಡುವ ಮನೆಗಳಲ್ಲಿ ಎಲ್ಲಕ್ಕಿಂತ ಮೊದಲು ತಿಳಿದಿರಬೇಕಾದ ಮಾತು ಇದು. ಎರಡೂ ಮದ್ದು ನೋಡಲು ಕಪ್ಪು ಹರಳುಗಳಂತೆಯೇ ಇರಬಹುದು. ಕಣ್ಣಳತೆಯಿಂದ ಮದ್ದನ್ನು ಗುರುತಿಸುವ ಧೈರ್ಯ ಯಾರೂ ಮಾಡಬಾರದು.

ನಮ್ಮ ಕಡೆ ಹೆಚ್ಚು ಬಳಕೆಯಲ್ಲಿರುವ ತೋಟಾ ಕೋವಿ 12 ಬೋರಿನದು. ಒಂದು ಪೌಂಡ್ ಸೀಸದಿಂದ ಸಮನಾದ 12 ಗುಂಡು ಮಾಡಿದರೆ ಒಂದರ ದಪ್ಪವೆಷ್ಟೋ ಅಷ್ಟು ಅಗಲದ ನಳಿಗೆ ಅದು, ಎಂದರೆ ಸುಮಾರು 18.5 ಮಿಲಿಮೀಟರ್. ಪರವಾನಗಿ ಪುಸ್ತಕದಲ್ಲಿ ಇವು ಎಸ್‌ಬಿಬಿಎಲ್, ಡಿಬಿಬಿಎಲ್ ಎಂದು ದಾಖಲಾಗುತ್ತವೆ. ಆಡುಮಾತಿನಲ್ಲಿ ಒಂಟಿನಳಿಗೆ, ಜೋಡುನಳಿಗೆ. ಕೇಪಿನ ಕೋವಿಗೆ ಎಸ್‌ಬಿಎಂಎಲ್. ಪ್ಲಾಂಟರುಗಳ ಕಾಲದಲ್ಲಿ ಇಂಗ್ಲೆಂಡಿನ ಏಲಿ–ಕೈನಾಕ್ ತೋಟಾಗಳಿಗೆ ಹೆಸರಿತ್ತು. ಇಂದು ದೇಶೀಯ 12 ಬೋರ್ ತೋಟಾ ಬರುವುದು ಮುಖ್ಯವಾಗಿ 1869ರಲ್ಲಿ ಸ್ಥಾಪನೆಯಾದ ಪುಣೆಯ ಖಡ್ಕಿ ಮದ್ದುಗುಂಡು ಕಾರ್ಖಾನೆಯಿಂದ. 2021ರ ಅಕ್ಟೋಬರಿನಿಂದ ಅದು ಮ್ಯುನಿಷನ್ಸ್ ಇಂಡಿಯಾ ಲಿಮಿಟೆಡ್‌ನ ಭಾಗ. ಶಕ್ತಿಮಾನ್ ಹೆಸರಿನ ತೋಟಾ ಕಾಡಂಚಿನ ಪರವಾನಗಿದಾರರಿಗೆ ಚಿರಪರಿಚಿತ.

ಪೂರ್ತಿ ಹಿತ್ತಾಳೆಯ ಕೇಸು ಇದ್ದ ಕಾಲದಲ್ಲಿ ಅದನ್ನು ಮತ್ತೆ ಮತ್ತೆ ತುಂಬುವುದು ಲೋಕದ ಎಲ್ಲೆಡೆ ಇತ್ತು. ಕರಿಮದ್ದು, ರಟ್ಟಿನ ಬಿಲ್ಲೆ, ಚರೆ, ಮೇಲೆ ಇನ್ನೊಂದು ಬಿಲ್ಲೆ, ಬಾಯಿಗೆ ಮೇಣ. ರಟ್ಟಿನ ಕೇಸು, ಅದರ ಬಳಿಕ ಪ್ಲಾಸ್ಟಿಕ್ ಕೇಸು ಬಂದ ಮೇಲೆ ಬಾಯಿಯನ್ನು ಮಡಚಿ ಮುಚ್ಚುವ ಯಂತ್ರ ಬೇಕಾಯಿತು. ಮೇಜು ಹುಟ್ಟಿದ್ದು ಆ ಯಂತ್ರದ ಸುತ್ತ.

ಮೇಜಿನ ಏರ್ಪಾಡು

ಅಮೆರಿಕದಲ್ಲಿ 1884ರ ಹೊತ್ತಿಗೇ ಐಡಿಯಲ್ ಕಂಪನಿಯ ಇಕ್ಕಳದಂಥ ಕೈಸಲಕರಣೆ ಮಾರುಕಟ್ಟೆಗೆ ಬಂದಿತ್ತು. ಬೇಟೆಗಾರ ಅದನ್ನು ಜೋಳಿಗೆಯಲ್ಲಿಟ್ಟುಕೊಂಡು ಬಿಡಾರದಲ್ಲೇ ತೋಟಾ ತುಂಬುತ್ತಿದ್ದ. 1943ರಲ್ಲಿ ಕ್ಯಾಲಿಫೋರ್ನಿಯಾದ ಫ್ರೆಡ್ ಹಂಟಿಂಗ್ಟನ್ ಆರ್‌ಸಿಬಿಎಸ್ ಸ್ಥಾಪಿಸಿದ; ಇಂಥ ಕಂಪನಿಗಳ ಎರಕದ ಪ್ರೆಸ್‌ಗಳು ಬಂದ ಮೇಲೆ ಕೆಲಸ ಮೇಜಿಗೆ ಏರಿತು. 1958ರಲ್ಲಿ ರಿಚರ್ಡ್ ಲೀ ಸುತ್ತಿಗೆಯಿಂದ ಬಡಿದು ತುಂಬುವ ಅಗ್ಗದ ಪೆಟ್ಟಿಗೆಯೊಂದನ್ನು ತಂದು, ಮೇಜಿಲ್ಲದವರಿಗೂ ಈ ಕೆಲಸವನ್ನು ಎಟುಕಿಸಿದ. ಚರೆಯ ತೋಟಾಗೆ ವಿಸ್ಕಾನ್ಸಿನ್ ರಾಜ್ಯದ ಮೇವಿಲ್ ಎಂಜಿನಿಯರಿಂಗ್ ಕಂಪನಿಯ ಯಂತ್ರಗಳು ಹೆಸರುವಾಸಿ.

ಕಾನೂನು ಒಪ್ಪುವ ದೇಶಗಳಲ್ಲಿ ಅನುಭವಿಗಳು ಒಪ್ಪಿಕೊಂಡ ಮೇಜಿನ ರೂಪ ಹೆಚ್ಚುಕಡಿಮೆ ಒಂದೇ. ಮೇಜು ಭಾರವಾಗಿರಬೇಕು, ಗೋಡೆಗೋ ನೆಲಕ್ಕೋ ಬಿಗಿದಿರಬೇಕು. ಪ್ರೆಸ್ಸಿನ ಹಿಡಿ ಒತ್ತಿದಾಗ ಮೇಜು ಅಲುಗಿದರೆ ಅದರ ಮೇಲಿನ ತಕ್ಕಡಿಯೂ ಅಲುಗುತ್ತದೆ, ತೂಕ ಸುಳ್ಳಾಗುತ್ತದೆ. ಪ್ರೆಸ್ ಮುಂದಿನ ಅಂಚಿನಲ್ಲಿ, ಮೇಜಿನ ಕಾಲಿನ ಹತ್ತಿರ. ತಕ್ಕಡಿ ಅದರಿಂದ ದೂರ, ಕಣ್ಣಿನ ಮಟ್ಟಕ್ಕೆ ಸಮೀಪವಾದ ಸಣ್ಣ ಹಲಗೆಯ ಮೇಲೆ. ಅಲ್ಲಿಗೆ ಫ್ಯಾನಿನ ಗಾಳಿ ಬೀಳಬಾರದು. ಮದ್ದಿನ ತೂಕ ಅಳೆಯುವುದು ಗ್ರೇನ್ ಲೆಕ್ಕದಲ್ಲಿ. ಒಂದು ಪೌಂಡಿಗೆ 7,000 ಗ್ರೇನ್, ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ಕಿಟಕಿಯ ಗಾಳಿ ತಪ್ಪಿಸಬಲ್ಲಷ್ಟು ಸಣ್ಣ ತೂಕ ಅದು.

ಕೆಲಸ ಒಂದು ಬದಿಯಿಂದ ಇನ್ನೊಂದು ಬದಿಗೆ ಹರಿಯಬೇಕು. ಒಂದೆಡೆ ಖಾಲಿ ಕೇಸು, ನಡುವೆ ಯಂತ್ರ, ಇನ್ನೊಂದೆಡೆ ತುಂಬಿದ್ದು. ಹಿಂದಕ್ಕೆ ಬರುವುದೇ ಇಲ್ಲ. ಮೊದಲು ಕೇಸುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ಬಿರುಕು, ಉಬ್ಬು, ಸುಟ್ಟ ಬಾಯಿ ಇವನ್ನು ನೋಡಿ ಸಂದೇಹವಿದ್ದುದನ್ನು ಜಜ್ಜಿ ಎಸೆಯುವುದು. ಬಳಿಕ ಹಳೆಯ ಕೇಪು ತೆಗೆಯುವುದು, ಡೈಯಲ್ಲಿ ಅಳತೆಗೆ ತರುವುದು, ಒರೆಸುವುದು, ಹೊಸ ಕೇಪು ಕೂರಿಸುವುದು, ಮದ್ದು, ವ್ಯಾಡ್ ಬಿಲ್ಲೆ, ಚರೆ, ಮುಚ್ಚುವುದು. ಗುಂಡಿನ ತೋಟಾ ಆದರೆ ಕೇಸಿನ ಉದ್ದವನ್ನೂ ನೋಡಬೇಕು. ಮದ್ದಿನ ಪ್ರಮಾಣವನ್ನು ಮದ್ದು ತಯಾರಿಸಿದವರೇ ಅಚ್ಚು ಹಾಕಿಸಿದ ಕೈಪಿಡಿಯಿಂದಲೇ ತೆಗೆದುಕೊಳ್ಳಬೇಕು. ಬಾಯಿಮಾತಿನ ಅಳತೆ, ಗೆಳೆಯನ ಚೀಟಿಯ ಅಳತೆ ಇಲ್ಲಿ ನಡೆಯುವುದಿಲ್ಲ.

ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಬಗೆಯ ಮದ್ದು, ಒಂದೇ ಬಗೆಯ ಕೇಪು. ಉಳಿದವು ಕಪಾಟಿನಲ್ಲಿ, ಬಾಗಿಲು ಹಾಕಿ. ಈ ಒಂದು ನಿಯಮಕ್ಕೆ ಉಳಿದೆಲ್ಲ ನಿಯಮಗಳಿಗಿಂತ ಹೆಚ್ಚು ತೂಕ ಕೊಡಬೇಕು, ಏಕೆಂದರೆ ದೊಡ್ಡ ಅಪಘಾತಗಳ ಮೂಲ ಎರಡೇ: ತಪ್ಪು ಮದ್ದು, ಇಲ್ಲವೆ ಒಂದೇ ಕೇಸಿಗೆ ಎರಡು ಸಲ ಸುರಿದ ಮದ್ದು. ಎರಡನೆಯದನ್ನು ತಪ್ಪಿಸಲು ತೂತು ಕೊರೆದ ಮರದ ಹಲಗೆಯಲ್ಲಿ ಕೇಸುಗಳನ್ನು ಸಾಲಾಗಿ ನಿಲ್ಲಿಸಿ, ಮುಚ್ಚುವ ಮುಂಚೆ ಮೇಲಿನಿಂದ ಬೆಳಕು ಬಿಟ್ಟು ಎಲ್ಲದರ ಮದ್ದಿನ ಮಟ್ಟ ಒಂದೇ ಇದೆಯೇ ಎಂದು ನೋಡುತ್ತಾರೆ. ಮಟ್ಟ ತಗ್ಗಿದ್ದರೂ ಕೇಡೇ. ಮದ್ದಿಲ್ಲದ ತೋಟಾದಲ್ಲಿ ಕೇಪಿನ ಬಲಕ್ಕೇ ಗುಂಡು ನಳಿಗೆಯೊಳಗೆ ಅರ್ಧ ದಾರಿ ಹೋಗಿ ಸಿಕ್ಕಿಕೊಳ್ಳುತ್ತದೆ. ಅದನ್ನು ಅರಿಯದೆ ಹಾರಿಸಿದ ಮುಂದಿನ ತೋಟಾ ನಳಿಗೆಯನ್ನು ಸೀಳುತ್ತದೆ. ಮಧ್ಯದಲ್ಲಿ ಯಾರಾದರೂ ಕರೆದರೆ, ಫೋನ್ ಬಂದರೆ, ಕೈಯಲ್ಲಿದ್ದ ಕೇಸಿನ ಮದ್ದನ್ನು ಡಬ್ಬಿಗೆ ಸುರಿದೇ ಏಳುವುದು ಕ್ರಮ.

ಕೆಲಸ ಮುಗಿದಾಗ ಅಳತೆಯಂತ್ರದ ಹೊಟ್ಟೆಯಲ್ಲಿ ಉಳಿದ ಮದ್ದನ್ನು ಅದರ ಮೂಲ ಡಬ್ಬಿಗೇ ಹಿಂದಿರುಗಿಸಬೇಕು. ರಾತ್ರಿ ಯಂತ್ರದಲ್ಲೇ ಬಿಟ್ಟ ಮದ್ದಿನ ಹೆಸರು ಬೆಳಿಗ್ಗೆ ಯಾರಿಗೂ ಖಚಿತವಿರುವುದಿಲ್ಲ. ತುಂಬಿದ ಪ್ರತಿ ಪೆಟ್ಟಿಗೆಯ ಮೇಲೆ ಚೀಟಿ: ತಾರೀಖು, ಮದ್ದಿನ ಹೆಸರು ಮತ್ತು ತೂಕ, ಕೇಪು, ಚರೆಯ ಅಳತೆ, ಕೇಸು ಎಷ್ಟನೆಯ ಸಲ ತುಂಬಿದ್ದು. ಅದೇ ವಿವರ ಒಂದು ಪುಸ್ತಕದಲ್ಲಿ.

ಸೀಸದ ವಿಚಾರ ಬೇರೆ. ಚರೆ ಮುಟ್ಟಿದ ಕೈ, ಹಳೆಯ ಕೇಪಿನ ಬೂದಿ, ಕೇಸು ಒರೆಸುವಾಗ ಏಳುವ ಧೂಳು ಇವೆಲ್ಲದರಲ್ಲಿ ಸೀಸವಿದೆ. ಮೇಜಿನ ಬಳಿ ಊಟ, ಕಾಫಿ, ಎಲೆಅಡಿಕೆ ಇರಬಾರದು. ಬೀಡಿ ಸಿಗರೇಟಿನ ಮಾತಂತೂ ಇಲ್ಲ. ಎದ್ದ ಮೇಲೆ ಸೋಪಿನಿಂದ ಕೈ ತೊಳೆಯುವುದು, ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸುವುದು. ಮಕ್ಕಳ ಮಿದುಳಿಗೆ ಸೀಸ ಮಾಡುವ ಹಾನಿ ಸರಿಪಡಿಸಲಾಗದ್ದು. ಚರೆ ಎರಕ ಹೊಯ್ಯುವುದನ್ನು ಅಡುಗೆಮನೆಯ ಒಲೆಯಲ್ಲಿ ಮಾಡುವ ಹಳೆಯ ಅಭ್ಯಾಸ ಎಲ್ಲಿ ಉಳಿದಿದ್ದರೂ ನಿಲ್ಲಬೇಕು.

ಮದ್ದು, ಕೇಪು ಇಡುವ ಜಾಗ

ಮದ್ದನ್ನು ಗಟ್ಟಿ ಕಬ್ಬಿಣದ ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟರೆ ಸುರಕ್ಷಿತ ಎಂಬುದು ಹಲವರ ಎಣಿಕೆ. ಬೆಂಕಿ ಬಿದ್ದಾಗ ಆಗುವುದು ಅದಕ್ಕೆ ವಿರುದ್ಧ. ತೆರೆದ ಜಾಗದಲ್ಲಿ ಹೊಗೆಯಿಲ್ಲದ ಮದ್ದು ಭುಗ್ಗೆಂದು ಉರಿಯುತ್ತದೆ. ಬಿಗಿಯಾದ ಉಕ್ಕಿನೊಳಗೆ ಅದೇ ಮದ್ದು ಪೆಟ್ಟಿಗೆಯನ್ನು ಬಾಂಬ್ ಮಾಡುತ್ತದೆ. ಅಮೆರಿಕದ ಅಗ್ನಿಸುರಕ್ಷಾ ಸಂಸ್ಥೆಯ ಸಂಹಿತೆ ಮನೆಯಲ್ಲಿ ಮದ್ದಿಗೆ ಒಂದು ಅಂಗುಲ ದಪ್ಪದ ಹಲಗೆಯ ಮರದ ಪೆಟ್ಟಿಗೆಯನ್ನು ಸೂಚಿಸುವುದು ಈ ಕಾರಣಕ್ಕೆ. ಮರ ಬಿಸಿಯನ್ನು ತಡವಾಗಿ ಒಳಗೆ ಬಿಡುತ್ತದೆ, ಒತ್ತಡ ಏರಿದರೆ ಬೇಗ ಬಾಯಿ ಬಿಡುತ್ತದೆ. ಅದೇ ಸಂಹಿತೆ ಮನೆಯೊಂದಕ್ಕೆ ಕೇಪಿನ ಮಿತಿಯನ್ನು 10,000ಕ್ಕೆ ನಿಲ್ಲಿಸಿದೆ. ಕರಿಮದ್ದಿನ ಸ್ವಭಾವ ಇನ್ನೂ ಮುಂಗೋಪದ್ದು. ಸಣ್ಣ ಕಿಡಿ ಸಾಕು. ಕೇಪಿಗಂತೂ ಪೆಟ್ಟು ಬಿದ್ದರೆ ಸಿಡಿಯುವುದೇ ಕೆಲಸ. ಆದ್ದರಿಂದ ಕೇಪು ಒಂದು ಕಪಾಟಿನಲ್ಲಿ, ಮದ್ದು ಇನ್ನೊಂದರಲ್ಲಿ, ಕೋವಿ ಮೂರನೆಯದರಲ್ಲಿ. ಕೇಪನ್ನು ಅದು ಬಂದ ಪೆಟ್ಟಿಗೆಯಿಂದ ತೆಗೆದು ಸೀಸೆಗೋ ಡಬ್ಬಿಗೋ ಸುರಿಯಬಾರದು. ಒಂದು ಸಿಡಿದರೆ ಎಲ್ಲವೂ ಸಿಡಿಯುತ್ತವೆ.

ವಯನಾಡಿನ ಮಳೆಗಾಲ ಇದಕ್ಕೆ ಇನ್ನೊಂದು ಕಷ್ಟ ಸೇರಿಸುತ್ತದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಹಿತ್ತಾಳೆಗೆ ಕಿಲುಬು ಹಿಡಿಯುತ್ತದೆ, ರಟ್ಟಿನ ತೋಟಾ ಊದಿಕೊಂಡು ನಳಿಗೆಗೆ ಹೋಗುವುದಿಲ್ಲ, ತೇವ ಹೀರಿದ ಮದ್ದು ಕೈಕೊಡುತ್ತದೆ. ಅಡಿಕೆ, ಮೆಣಸು, ಬೀಜದ ಭತ್ತ ಎಲ್ಲವನ್ನೂ ಒಲೆಯ ಮೇಲಿನ ಅಟ್ಟದ ಬಿಸಿಗೆ ಇಟ್ಟು ಕಾಯುವ ನಾಡಿನಲ್ಲಿ ಮದ್ದನ್ನೂ ಅಲ್ಲಿಗೇ ಏರಿಸುವ ಆಸೆ ಸಹಜ. ಅದು ಎಂದಿಗೂ ಕೂಡದು. ಬಿಗಿಮುಚ್ಚಳದ ಮೂಲ ಡಬ್ಬಿ, ಒಳಗೋಡೆಗೆ ಒತ್ತಿದ ಮರದ ಕಪಾಟು, ಅದರಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ. ಇಷ್ಟರಿಂದ ಕೆಲಸ ನಡೆಯುತ್ತದೆ.

ಇಂದಿನ ಕಾನೂನು, ಇಂದಿನ ಗದ್ದೆ

ಬೆಳೆ ಕಾಯಲು ನಿಜವಾಗಿ ಬೇಕಾದವರಿಗೆ ನಳಿಗೆಯ ಬಾಯಿಂದ ತುಂಬುವ ಕೋವಿಗೆ ಪರವಾನಗಿ ಕೊಡಬೇಕೆಂದು ಆಯುಧ ಕಾಯ್ದೆಯ 13ನೇ ಕಲಮು ಹೇಳುತ್ತದೆ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ನುಣುಪು ನಳಿಗೆಯ ಬೇರೆ ಕೋವಿಗೂ ಕೊಡಬಹುದು. ಕೇಪಿನ ಕೋವಿ ವಸ್ತುಸಂಗ್ರಹಾಲಯಕ್ಕೆ ಹೋಗದೆ ಗದ್ದೆಯಂಚಿನಲ್ಲಿ ಉಳಿದದ್ದು ಈ ಕಲಮಿನ ಬಲದಿಂದಲೂ ಹೌದು. 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು, ಪರವಾನಗಿಯ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿತು, ಪರವಾನಗಿಯಿಲ್ಲದ ತಯಾರಿಕೆಯ ಶಿಕ್ಷೆಯನ್ನು ಕಠಿಣಗೊಳಿಸಿತು.

ಕಾಡಂಚಿಗೆ ಇನ್ನೊಂದು ಕಾನೂನೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 34ನೇ ಕಲಮಿನಂತೆ ಅಭಯಾರಣ್ಯದಿಂದ ಹತ್ತು ಕಿಲೋಮೀಟರ್ ಒಳಗಿನ ಕೋವಿದಾರರು, ವಿನಾಯಿತಿ ಪಡೆದವರೂ ಸೇರಿ, ವನ್ಯಜೀವಿ ಇಲಾಖೆಯಲ್ಲಿ ನೋಂದಾಯಿಸಿಕೊಳ್ಳಬೇಕು. ಆ ವಲಯದಲ್ಲಿ ಹೊಸ ಪರವಾನಗಿಗೆ ಮುಖ್ಯ ವನ್ಯಜೀವಿ ಪಾಲಕರ ಒಪ್ಪಿಗೆ ಬೇಕು. ವಯನಾಡು ಅಭಯಾರಣ್ಯ ಘೋಷಣೆಯಾದದ್ದು 1973ರಲ್ಲಿ, ಹೊಳೆಯಾಚೆ ನಾಗರಹೊಳೆ. ಪುಲ್ಪಳ್ಳಿ ಸುತ್ತಿನ ಊರುಗಳಿಗೆ ಈ ಕಲಮು ದಿನನಿತ್ಯದ ಮಾತು.

2022ರ ಮೇ ತಿಂಗಳಲ್ಲಿ ಕೇರಳ ಸರ್ಕಾರ ಬೆಳೆ ಹಾಳುಮಾಡುವ ಕಾಡುಹಂದಿಯನ್ನು ಕೊಲ್ಲಲು ಆದೇಶಿಸುವ ಅಧಿಕಾರವನ್ನು ಪಂಚಾಯಿತಿ ಅಧ್ಯಕ್ಷರಂಥ ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ವಹಿಸಿತು. ಹಾರಿಸುವವರು ಪರವಾನಗಿ ಇರುವ ಕೋವಿದಾರರೇ ಆಗಿರಬೇಕು. ವಿಷ, ವಿದ್ಯುತ್ ತಂತಿ, ಸ್ಫೋಟಕ ಬಳಸುವಂತಿಲ್ಲ. ಸ್ಫೋಟಕದ ಮಾತು ಸುಮ್ಮನೆ ಬಂದದ್ದಲ್ಲ. ಪಟಾಕಿ ಮದ್ದನ್ನು ಹಣ್ಣಿನೊಳಗೋ ಕೊಬ್ಬಿನೊಳಗೋ ಅಡಗಿಸಿ ಹಂದಿಗೆ ಇಡುವ ದುಷ್ಟ ಪದ್ಧತಿ ಮನೆಯಲ್ಲಿ ಮದ್ದು ಕಲಸುವವರ ಕೈಯಿಂದಲೇ ಬರುತ್ತದೆ. 2020ರ ಮೇನಲ್ಲಿ ಪಾಲಕ್ಕಾಡ್ ಜಿಲ್ಲೆಯಲ್ಲಿ ಬಾಯಿ ಒಡೆದು ಹೊಳೆಯಲ್ಲಿ ನಿಂತೇ ಸತ್ತ ಬಸುರಿ ಆನೆಯನ್ನು ದೇಶವೆಲ್ಲ ನೋಡಿತು. ಕೋವಿಗೆ ಈಡು ಮಾಡುವ ಕೈಕಸುಬಿಗೂ ಇದಕ್ಕೂ ಸಂಬಂಧ ಕಲ್ಪಿಸುವುದು ಅನ್ಯಾಯ. ಮೊದಲನೆಯದರಲ್ಲಿ ಹೆಸರು, ಲೆಕ್ಕ, ಹೊಣೆ ಇವೆ. ಎರಡನೆಯದರಲ್ಲಿ ಯಾವುದೂ ಇಲ್ಲ.

ಹಳೆಯ ಮದ್ದು

ಯಜಮಾನ ತೀರಿಕೊಂಡ ಮನೆಯಲ್ಲಿ ಕಪಾಟು ತೆರೆದಾಗ ತುಕ್ಕು ಹಿಡಿದ ಮದ್ದಿನ ಡಬ್ಬಿ, ಹಸಿರುಗಟ್ಟಿದ ದಪ್ಪ ಚರೆಯ ಎಲ್‌ಜಿ ತೋಟಾ, ಹೆಸರಿಲ್ಲದ ಪೊಟ್ಟಣ ಸಿಗುವುದು ಕಾಡಂಚಿನ ಊರುಗಳಲ್ಲಿ ಅಪರೂಪವಲ್ಲ. ಪರವಾನಗಿ ಇದ್ದದ್ದು ಆ ವ್ಯಕ್ತಿಗೆ, ಮನೆಗೆ ಅಲ್ಲ. ಆಯುಧ ಕಾಯ್ದೆಯ 21ನೇ ಕಲಮಿನಂತೆ ಇಟ್ಟುಕೊಳ್ಳುವ ಹಕ್ಕು ಕೊನೆಗೊಂಡ ಕೋವಿ, ಮದ್ದುಗುಂಡುಗಳನ್ನು ತಡಮಾಡದೆ ಪೊಲೀಸ್ ಠಾಣೆಗೆ, ಅಥವಾ ನಿಯಮದ ಮಿತಿಯೊಳಗೆ ಪರವಾನಗಿ ಪಡೆದ ವ್ಯಾಪಾರಿಯ ಬಳಿ, ಠೇವಣಿ ಇಡಬೇಕು. ಬಳಿಕ ವಾರಸುದಾರರು ತಮ್ಮ ಹೆಸರಿನಲ್ಲಿ ಪರವಾನಗಿ ಪಡೆದು ಬಿಡಿಸಿಕೊಳ್ಳಬಹುದು. ಹಳೆಯ ಮದ್ದನ್ನು ಮನೆಯವರು ಬಿಸಿಲಿಗೆ ಹಾಕಿ ಒಣಗಿಸುವುದು, ಒಲೆಗೆ ಎಸೆದು ನೋಡುವುದು, ತೋಟಾ ಬಿಚ್ಚುವುದು ಯಾವುದೂ ಬೇಡ. ಸಿಕ್ಕಿದ್ದನ್ನು ಸಿಕ್ಕ ಜಾಗದಲ್ಲೇ ಬಿಟ್ಟು, ಕೋಣೆಗೆ ಬೀಗ ಹಾಕಿ, ಠಾಣೆಗೆ ತಿಳಿಸಿ, ಅವರು ಬಂದಾಗ ಪರವಾನಗಿ ಪುಸ್ತಕವನ್ನು ಮುಂದಿಡುವುದು ಸರಿಯಾದ ದಾರಿ.